ಕುತ್ತಿಗೆಯ ಶಸ್ತ್ರಚಿಕಿತ್ಸೆಯ ನಂತರ ಮತ್ತೆ ತರಗತಿಗೆ

ಕುತ್ತಿಗೆಯ ಆಪರೇಷನ್ ಮಾಡಿಸಿಕೊಂಡವರನ್ನು ನೋಡಲು ಬರುವವರು ಎರಡು ಪ್ರಶ್ನೆ ಕೇಳುತ್ತಾರೆ. ನೋವು ಹೋಯಿತೇ? ಕೆಲಸಕ್ಕೆ ಯಾವಾಗ? ಮೊದಲನೆಯದಕ್ಕೆ ನಾನು ಆಸ್ಪತ್ರೆಯ ಹಾಸಿಗೆಯಲ್ಲಿಯೇ ಉತ್ತರ ಕೊಟ್ಟಿದ್ದೆ. ಎರಡನೆಯದಕ್ಕೆ ಉತ್ತರ ಹುಡುಕುವುದರಲ್ಲಿ ತಿಂಗಳುಗಳು ಕಳೆದವು. ಶಸ್ತ್ರಚಿಕಿತ್ಸೆಯ ಬಗ್ಗೆ ಹೇಳಲು ವೈದ್ಯರಿದ್ದಾರೆ, ಕರಪತ್ರಗಳಿವೆ. ಕೆಲಸಕ್ಕೆ ಮರಳುವುದನ್ನು ಮಾತ್ರ ಎಲ್ಲರೂ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆ ಒಂದು ಸಾಲಿನಿಂದ ಪಟ್ಟ ಪಾಡನ್ನೇ ಇಲ್ಲಿ ಹೆಚ್ಚು ಬರೆಯುತ್ತೇನೆ.

ನಾನು ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವ ಮೇಷ್ಟ್ರು. ಈ ಕೆಲಸದಲ್ಲಿ ಕುತ್ತಿಗೆಗೆ ಎರಡೇ ಭಂಗಿ: ಹಲಗೆಯ ಮೇಲೆ ಬರೆಯುವಾಗ ಮೇಲಕ್ಕೆ, ಉತ್ತರ ಪತ್ರಿಕೆ ತಿದ್ದುವಾಗ ಕೆಳಕ್ಕೆ. ನಡುವಿನ ಭಂಗಿ, ಅಂದರೆ ವೈದ್ಯರು ಮೆಚ್ಚುವ ಭಂಗಿ, ಸಿಗುವುದು ಮಕ್ಕಳನ್ನು ಗದರಿಸುವಾಗ ಮಾತ್ರ.

ನೋವು ಹೆಗಲಿನ ಹಿಂಬದಿಯಲ್ಲಿ ಹುಟ್ಟಿ, ಬಲತೋಳಿನ ಹಿಂಭಾಗದಲ್ಲಿ ಇಳಿದು, ನಡುಬೆರಳಿನ ತುದಿಗೆ ಬಂದು ನಿಂತಿತ್ತು. ಬೆರಳಿಗೆ ಸದಾ ಜೋಮು. ಹಲಗೆಯ ಮೇಲ್ಭಾಗದಲ್ಲಿ ಬರೆಯಲು ತಲೆ ಎತ್ತಿದರೆ ತೋಳಿನುದ್ದಕ್ಕೂ ಸೆಳೆತ. ಬಲಗೈಯನ್ನು ನೆತ್ತಿಯ ಮೇಲೆ ಇಟ್ಟುಕೊಂಡರೆ ಮಾತ್ರ ಸ್ವಲ್ಪ ಹಾಯೆನಿಸುತ್ತಿತ್ತು. ಹಾಗಾಗಿ ಬಿಡುವಿನ ಪಿರಿಯಡ್‌ಗಳಲ್ಲಿ ಸ್ಟಾಫ್ ರೂಮಿನಲ್ಲಿ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದೆ. "ಏನು ಮೇಷ್ಟ್ರೇ, ಸಾಲಗಾರರು ಮನೆಗೆ ಬಂದರೇ?" ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ಮುಂದೆ ಶಸ್ತ್ರವೈದ್ಯರಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. ಕೈ ಮೇಲೆತ್ತಿದಾಗ ಕುತ್ತಿಗೆಯಿಂದ ಹೊರಡುವ ನರದ ಮೇಲಿನ ಎಳೆತ ಸಡಿಲವಾಗುತ್ತದೆ, ಹಾಗೆ ನೋವು ಇಳಿದರೆ ತೊಂದರೆ ಭುಜದ್ದಲ್ಲ, ಕುತ್ತಿಗೆಯದ್ದು ಎಂಬ ಅನುಮಾನ ಬಲವಾಗುತ್ತದೆ ಎಂದರು.

ಕುತ್ತಿಗೆಯಲ್ಲಿ ಮೂಳೆಯ ಮಣಿಗಳು ಏಳು, ಅಲ್ಲಿಂದ ಹೊರಡುವ ನರಗಳು ಎಂಟು ಜೋಡಿ. ಆರನೆಯ ಮತ್ತು ಏಳನೆಯ ಮಣಿಗಳ ನಡುವಿನಿಂದ ಹೊರಡುವ ಏಳನೆಯ ನರ ತೋಳಿನ ಹಿಂಭಾಗದ ಸ್ನಾಯುವಿಗೂ ನಡುಬೆರಳಿಗೂ ಹೋಗುತ್ತದೆ. ಮೊಣಕೈಯನ್ನು ನೇರ ಮಾಡುವ ಸ್ನಾಯು ಅದು. ಕೈ ಕೆಳಗಿರುವಾಗ ಮೊಣಕೈ ನೇರವಾಗಲು ಗುರುತ್ವವೇ ನೆರವಾಗುತ್ತದೆ. ಕೈ ತಲೆಗಿಂತ ಮೇಲಿರುವಾಗ ಆ ಸ್ನಾಯು ಗುರುತ್ವದ ವಿರುದ್ಧ ದುಡಿಯಬೇಕು. ನನ್ನ ದೌರ್ಬಲ್ಯ ಮೊದಲು ಕಾಣಿಸಿಕೊಂಡದ್ದು ಅಲ್ಲಿಯೇ. ನಕ್ಷೆಯ ಲಂಬ ಅಕ್ಷ ಎಳೆಯಲು ಹೋದರೆ ಸೀಮೆಸುಣ್ಣ ಮೇಲಿನ ತುದಿಯಲ್ಲಿ ನಿಲ್ಲದೆ ತಾನಾಗಿಯೇ ಜಾರುತ್ತಿತ್ತು.

ಮಣಿಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಜಾರಿ ನರ ಒತ್ತಿಕೊಂಡವರಲ್ಲಿ ಹೆಚ್ಚಿನವರು ಮಾತ್ರೆ, ವ್ಯಾಯಾಮ ಮತ್ತು ಕಾಲದಿಂದಲೇ ಗುಣವಾಗುತ್ತಾರೆ. ನನಗೂ ಮೊದಲು ಅದನ್ನೇ ಮಾಡಿದರು. ಆದರೆ ಪ್ರತಿ ಭೇಟಿಯಲ್ಲೂ ವೈದ್ಯರು ನನ್ನ ಮುಂಗೈ ಹಿಡಿದು "ತಳ್ಳಿ" ಎನ್ನುತ್ತಿದ್ದರು, ನಾನು ತಳ್ಳುವ ಬಲ ಕಡಿಮೆಯಾಗುತ್ತಲೇ ಹೋಯಿತು. ಎಂಆರ್‌ಐಯಲ್ಲಿ ಎರಡು ಕಡೆ ಒತ್ತಡ ಕಂಡಿತು: ಐದು-ಆರರ ನಡುವೆ ಒಂದು, ಆರು-ಏಳರ ನಡುವೆ ಇನ್ನೊಂದು. "ನೋವು ಮಾತ್ರ ಇದ್ದರೆ ಕಾಯಬಹುದಿತ್ತು ಮೇಷ್ಟ್ರೇ. ಕಸುವು ಹೋಗುತ್ತಿರುವಾಗ ಕಾಯುವುದು ಬೇಡ" ಎಂದರು. ಜೊತೆಗೆ ಬೇರೆ ಕೆಲವು ಪ್ರಶ್ನೆಗಳನ್ನೂ ಕೇಳಿದರು: ಅಂಗಿಯ ಗುಂಡಿ ಹಾಕಲು ತೊಡಕಾಗುತ್ತದೆಯೇ, ನಡೆಯುವಾಗ ತೂರಾಡುತ್ತೀರಾ, ಮೂತ್ರದ ಮೇಲೆ ಹಿಡಿತವಿದೆಯೇ? ಇವು ನರದ ಬೇರಲ್ಲ, ಬೆನ್ನುಹುರಿಯೇ ಒತ್ತಿಕೊಂಡಿರುವುದರ ಲಕ್ಷಣಗಳು. ಅವು ಇದ್ದವರು ಯಾರ ಅನುಭವ ಕಥನವನ್ನೂ ಓದುತ್ತ ಕೂರದೆ ವೈದ್ಯರ ಬಳಿಗೆ ಹೋಗಬೇಕು.

ಕುತ್ತಿಗೆಯ ಮೂಳೆಗೆ ಗಂಟಲಿನ ಕಡೆಯಿಂದ ಹೋಗುತ್ತಾರೆ ಎಂದರೆ ಯಾರೂ ಒಮ್ಮೆಗೆ ನಂಬುವುದಿಲ್ಲ. ಹಿಂದಿನಿಂದ ಹೋದರೆ ಡಿಸ್ಕ್ ತಲುಪುವ ಮೊದಲೇ ಬೆನ್ನುಹುರಿ ಅಡ್ಡವಾಗುತ್ತದೆ, ಅದನ್ನು ಪಕ್ಕಕ್ಕೆ ಸರಿಸುವಂತಿಲ್ಲ. ಮುಂದಿನಿಂದಾದರೆ ಶ್ವಾಸನಾಳ ಮತ್ತು ಅನ್ನನಾಳಗಳನ್ನು ಒಂದು ಬದಿಗೆ ಸರಿಸಿದರೆ ಮೂಳೆಯೇ ಎದುರಾಗುತ್ತದೆ. 1950ರ ದಶಕದಲ್ಲಿ ಅಮೆರಿಕದ ಜಾರ್ಜ್ ಸ್ಮಿತ್ ಮತ್ತು ರಾಬರ್ಟ್ ರಾಬಿನ್ಸನ್ ಜೊತೆಯಾಗಿ, ರಾಲ್ಫ್ ಕ್ಲೋವರ್ಡ್ ಪ್ರತ್ಯೇಕವಾಗಿ ರೂಪಿಸಿದ ದಾರಿ ಇದು. ಕೆಟ್ಟ ಡಿಸ್ಕ್ ತೆಗೆದು, ನರವನ್ನು ಬಿಡಿಸಿ, ಖಾಲಿಯಾದ ಜಾಗದಲ್ಲಿ ಮೂಳೆಯ ಚೂರು ತುಂಬಿದ ಪುಟ್ಟ ಚೌಕಟ್ಟು ಇಟ್ಟು, ಮುಂದೆ ಟೈಟೇನಿಯಂ ಪಟ್ಟಿಯೊಂದನ್ನು ತಿರುಪುಗಳಿಂದ ಬಿಗಿಯುತ್ತಾರೆ. ಪಟ್ಟಿಯ ಕೆಲಸ ತಾತ್ಕಾಲಿಕ. ಮೇಲಿನ ಕೆಳಗಿನ ಮಣಿಗಳು ಬೆಳೆದು ಒಂದಾಗಬೇಕು, ಅದಕ್ಕೆ ತಿಂಗಳುಗಳು ಬೇಕು. ಕೆಲವರಿಗೆ ವರ್ಷವೇ ಆಗುತ್ತದೆ. ಚರ್ಮದ ಗಾಯ ಎರಡು ವಾರಗಳಲ್ಲಿ ಮಾಯುತ್ತದೆ. ಹೊರಗಿನ ಗಡಿಯಾರವೂ ಒಳಗಿನ ಗಡಿಯಾರವೂ ಬೇರೆ ಬೇರೆ ಓಡುತ್ತವೆ ಎಂಬುದೇ ಮುಂದಿನ ತಾಪತ್ರಯಕ್ಕೆಲ್ಲ ಮೂಲ.

ಆಪರೇಷನ್ನಿಗೆ ಮೊದಲು ನನಗಿದ್ದ ಭಯ ಕೈಯದ್ದಲ್ಲ, ಧ್ವನಿಯದ್ದು. ಧ್ವನಿತಂತುಗಳನ್ನು ಆಡಿಸುವ ನರ ಅದೇ ದಾರಿಯಲ್ಲಿ, ಶ್ವಾಸನಾಳ ಮತ್ತು ಅನ್ನನಾಳಗಳ ನಡುವಿನ ಸಂದಿನಲ್ಲಿ ಸಾಗುತ್ತದೆ. ಅದು ಎಳೆತಕ್ಕೆ ಸಿಕ್ಕರೆ ಧ್ವನಿ ಒಡೆಯುತ್ತದೆ. ಬಹುಪಾಲು ಜನರಿಗೆ ವಾರಗಳಲ್ಲಿ ಸರಿಹೋಗುತ್ತದೆ, ಬೆರಳೆಣಿಕೆಯಷ್ಟು ಜನರಿಗೆ ಉಳಿದುಬಿಡುತ್ತದೆ ಎಂದು ಶಸ್ತ್ರವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ಒಪ್ಪಿಗೆ ಪತ್ರದಲ್ಲಿ ಆ ಸಾಲಿನ ಎದುರು ನನ್ನ ಪೆನ್ನು ಸ್ವಲ್ಪ ಹೊತ್ತು ನಿಂತದ್ದು ನಿಜ. ಮಾತಿನಿಂದ ಹೊಟ್ಟೆ ಹೊರೆಯುವವರು ಈ ಪ್ರಶ್ನೆಯನ್ನು ಮೊದಲೇ ಕೇಳಿಬಿಡಬೇಕು. ನಾವು ಏನು ಕೆಲಸ ಮಾಡುತ್ತೇವೆಂದು ಹೇಳದಿದ್ದರೆ ವೈದ್ಯರಿಗೆ ಗೊತ್ತಾಗುವುದಾದರೂ ಹೇಗೆ?

ಅರಿವಳಿಕೆ ಇಳಿದು ಎಚ್ಚರವಾದಾಗ ತೋಳಿನ ಸೆಳೆತ ಇರಲಿಲ್ಲ. ಅಷ್ಟು ಕಾಲ ಜೊತೆಗಿದ್ದ ನೋವು ಹಾಗೆ ಒಮ್ಮೆಲೇ ಹೋದದ್ದು ಬೆರಗು ಹುಟ್ಟಿಸಿತು. ಅದರ ಬದಲಿಗೆ ಗಂಟಲು ಹಿಡಿದಿತ್ತು. ನೀರು ನುಂಗಿದರೆ ದಾರಿಯಲ್ಲಿ ಏನೋ ಅಡ್ಡ ನಿಂತಂತೆ. ಮಾತ್ರೆಗಳಂತೂ ಪ್ರತಿಯೊಂದೂ ಒಂದು ಸಾಹಸ. ಮೆತ್ತಗಿನ ಆಹಾರ, ಸಣ್ಣ ಸಣ್ಣ ತುತ್ತು, ನೆಟ್ಟಗೆ ಕೂತು ಊಟ. ಇದು ವಾರಗಳ ಕಾಲ ನಿಧಾನವಾಗಿ ಇಳಿಯುತ್ತ ಬಂತು. ದಾದಿಯರು ಮತ್ತೆ ಮತ್ತೆ ಕುತ್ತಿಗೆ ಮುಟ್ಟಿ ನೋಡುತ್ತಿದ್ದುದು ಗಾಯಕ್ಕಾಗಿ ಎಂದುಕೊಂಡಿದ್ದೆ. ಒಳಗೆ ರಕ್ತ ಕೂಡಿಕೊಂಡರೆ ಅದು ಶ್ವಾಸನಾಳವನ್ನು ಒತ್ತಬಹುದು, ಅದಕ್ಕಾಗಿ ಆ ಎಚ್ಚರಿಕೆ. ಮನೆಗೆ ಕಳುಹಿಸುವಾಗಲೂ ಇದನ್ನೇ ಒತ್ತಿ ಹೇಳಿದರು: ಕುತ್ತಿಗೆ ಊದಿಕೊಂಡು ಉಸಿರಾಟಕ್ಕೆ ಕಷ್ಟವಾದರೆ ಫೋನ್ ಮಾಡಿ ಕೇಳುತ್ತ ಕೂರಬೇಡಿ, ನೇರವಾಗಿ ತುರ್ತು ಚಿಕಿತ್ಸೆಗೆ ಬನ್ನಿ.

ಯಾರೂ ಮೊದಲೇ ಹೇಳದೆ ಇದ್ದದ್ದು ಎರಡು ಭುಜದೆಲುಬುಗಳ ನಡುವಿನ ನೋವು. ಕೊಯ್ದದ್ದು ಮುಂದೆ, ನೋಯುವುದು ಹಿಂದೆ. ಕುಸಿದಿದ್ದ ಸಂದನ್ನು ಚೌಕಟ್ಟು ಮತ್ತೆ ಅಗಲಿಸುವುದರಿಂದ ಹಿಂದಿನ ಕೀಲುಗಳೂ ಸ್ನಾಯುಗಳೂ ಎಳೆತಕ್ಕೆ ಒಳಗಾಗುತ್ತವೆ, ಇದು ಬಹಳ ಮಂದಿಗೆ ಆಗುವುದೇ ಎಂದು ಕೇಳಿದ ಮೇಲೆ ಹೇಳಿದರು. ಕೇಳುವ ಮೊದಲು ಎರಡು ರಾತ್ರಿ ಏನೇನೋ ಕಲ್ಪಿಸಿಕೊಂಡಿದ್ದೆ.

ಮನೆಯ ದಿನಗಳ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಹಾಸಿಗೆಯಿಂದ ಏಳುವಾಗ ಮೊದಲು ಇಡೀ ಮೈಯನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ, ಕಾಲು ಇಳಿಬಿಟ್ಟು, ಕೈ ಊರಿ ಏಳಬೇಕು. ನೋವಿನ ಬಲವಾದ ಮಾತ್ರೆಗಳು ಮಲಬದ್ಧತೆ ತರುತ್ತವೆ, ಮುಕ್ಕಿರಿಯುವುದು ಒಳ್ಳೆಯದಲ್ಲ, ಆದ್ದರಿಂದ ನಾಚಿಕೆ ಬಿಟ್ಟು ಅದಕ್ಕೂ ಔಷಧ ಕೇಳಬೇಕು. ಉರಿಯೂತ ತಗ್ಗಿಸುವ ಸಾಮಾನ್ಯ ಮಾತ್ರೆಗಳನ್ನು, ಅಂದರೆ ಐಬುಪ್ರೊಫೆನ್ ಜಾತಿಯವನ್ನು, ಮೂಳೆ ಕೂಡುವುದಕ್ಕೆ ಅಡ್ಡಿಯಾಗಬಹುದೆಂದು ನನ್ನ ವೈದ್ಯರು ಕೆಲವು ಕಾಲ ಬೇಡವೆಂದರು. ಸಿಗರೇಟು ಸೇದುವವರಲ್ಲಿ ಮೂಳೆ ಕೂಡದೆ ಉಳಿಯುವ ಸಂಭವ ಹೆಚ್ಚು. ನಾನು ಸೇದುವವನಲ್ಲದ್ದರಿಂದ ಈ ಒಂದು ವಿಷಯದಲ್ಲಿ ಉಪದೇಶ ಕೇಳುವುದು ತಪ್ಪಿತು. ವ್ಯಾಯಾಮವೆಂದರೆ ನಡಿಗೆ ಮಾತ್ರ. ದಿನ ದಿನಕ್ಕೆ ಸ್ವಲ್ಪ ಹೆಚ್ಚು.

ಕುತ್ತಿಗೆ ಅಲುಗದಂತೆ ಹೊರಗಿನಿಂದ ಕಟ್ಟುವ ಕಾಲರ್ ವಿಷಯದಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಒಳಗೆ ಟೈಟೇನಿಯಂ ಪಟ್ಟಿ ಬಿಗಿದಿರುವಾಗ ಅದು ಬೇಕೇ ಇಲ್ಲ ಎನ್ನುವವರಿದ್ದಾರೆ, ಆರು ವಾರ ತೆಗೆಯಬಾರದು ಎನ್ನುವವರಿದ್ದಾರೆ. ನನ್ನವರು ಮಧ್ಯದ ದಾರಿ ಹಿಡಿದು, ಕೆಲವು ವಾರ ಹೊರಗೆ ಹೋಗುವಾಗ ಮಾತ್ರ ಹಾಕಿಸಿದರು. ಕಾಲರ್ ಹಾಕಿಕೊಂಡವನಿಗೆ ತನ್ನ ಪಾದ ಕಾಣುವುದಿಲ್ಲ. ಮೆಟ್ಟಿಲು ಇಳಿಯುವಾಗ ಪಕ್ಕದ ಕಂಬಿ ಹಿಡಿಯದಿದ್ದರೆ ಎರಡನೆಯ ಶಸ್ತ್ರಚಿಕಿತ್ಸೆಗೆ ತಾನೇ ದಾರಿ ಮಾಡಿಕೊಂಡಂತೆ. "ರೀ, ನಿಲ್ಲಿ, ಮೊದಲು ನಾನು ಇಳಿಯುತ್ತೇನೆ" ಎಂದು ನನ್ನ ಹೆಂಡತಿ ಮುಂದೆ ಇಳಿದು ನಿಂತು, ಹಾಕಿದ ಪ್ರತಿ ಹೆಜ್ಜೆಯ ಮೇಲೂ ಕಣ್ಣಿಡುತ್ತಿದ್ದಳು. ಮೇಷ್ಟ್ರಾದವನಿಗೆ ಮೇಲ್ವಿಚಾರಣೆಯಲ್ಲಿ ನಡೆಯುವುದು ಒಗ್ಗುವ ಸಂಗತಿಯಲ್ಲ.

ಬೆರಳಿನ ಜೋಮು ಉಳಿದಿತ್ತು. ಪೆಟ್ಟಾದ ನರದ ಎಳೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ ಎಂದು ಓದಿದ್ದೆ. ಕುತ್ತಿಗೆಯಿಂದ ನಡುಬೆರಳಿನ ತುದಿಗೆ ಮುಕ್ಕಾಲು ಮೀಟರಿಗೂ ಹೆಚ್ಚು. ಎರಡು ವರ್ಷ ದಾಟುತ್ತದಲ್ಲ ಎಂದು ಲೆಕ್ಕ ಮಾಡಿ ವೈದ್ಯರ ಮುಂದಿಟ್ಟೆ. ಎಳೆ ಪೂರ್ತಿ ತುಂಡಾಗಿದ್ದರೆ ಆ ಲೆಕ್ಕ, ಒತ್ತಿಕೊಂಡ ನರದಲ್ಲಿ ಎಷ್ಟೋ ಎಳೆಗಳ ಹೊದಿಕೆ ಮಾತ್ರ ಕೆಟ್ಟಿರುತ್ತದೆ, ಅದು ಬೇಗ ಸರಿಹೋಗುತ್ತದೆ ಎಂದರು. ಸಾಮಾನ್ಯವಾಗಿ ಮೊದಲು ನೋವು ಹೋಗುತ್ತದೆ, ಆಮೇಲೆ ಬಲ ಬರುತ್ತದೆ, ಜೋಮು ಎಲ್ಲಕ್ಕಿಂತ ಕೊನೆಗೆ. ಕೆಲವರಿಗೆ ಸ್ವಲ್ಪ ಉಳಿದೇ ಬಿಡುತ್ತದೆ.

ಇನ್ನು ಕೆಲಸದ ವಿಷಯ.

ಕುರ್ಚಿಯಲ್ಲಿ ಕೂತು ಮಾಡುವ ಕೆಲಸದವರು ಎರಡರಿಂದ ಆರು ವಾರಗಳಲ್ಲಿ ಮರಳುವುದು ಸಾಮಾನ್ಯ, ಭಾರ ಹೊರುವವರಿಗೆ ಮೂರು ತಿಂಗಳೋ ಇನ್ನೂ ಹೆಚ್ಚೋ ಬೇಕಾಗುತ್ತದೆ. ಶಿಕ್ಷಕ ಎರಡರಲ್ಲಿ ಯಾವುದಕ್ಕೂ ಸರಿಯಾಗಿ ಸೇರುವುದಿಲ್ಲ. ಮೊದಲ ಎಕ್ಸ್-ರೇ ನೋಡಿ ಆಸ್ಪತ್ರೆಯವರು ಕೊಟ್ಟ ಪ್ರಮಾಣಪತ್ರದಲ್ಲಿ ಇದ್ದದ್ದು ಒಂದೇ ವಾಕ್ಯ: ಹಗುರವಾದ ಕೆಲಸಗಳನ್ನು ಮಾಡಲು ಅರ್ಹರಾಗಿದ್ದಾರೆ. ಮುಖ್ಯೋಪಾಧ್ಯಾಯರು ಒಳ್ಳೆಯವರು. ಅದನ್ನು ಓದಿ, ಬಹಳ ಯೋಚಿಸಿ, ನನಗೆ ಪಾಠಗಳನ್ನು ಕಡಿಮೆ ಮಾಡಿದರು. "ನೀವು ಓಡಾಡಬೇಡಿ ಸರ್, ಒಂದು ಕಡೆ ಕೂತಿರಿ" ಎಂದು ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟುಗಳನ್ನು, ನನ್ನವಲ್ಲದೆ ಬೇರೆಯವರವನ್ನೂ, ನನ್ನ ಮೇಜಿಗೆ ಕಳುಹಿಸಿದರು.

ಕುತ್ತಿಗೆಗೆ ಇದಕ್ಕಿಂತ ಭಾರದ ಕೆಲಸವನ್ನು ಬೇಕೆಂದೇ ಹುಡುಕಿದ್ದರೂ ಸಿಗುತ್ತಿರಲಿಲ್ಲ. ಮನುಷ್ಯನ ತಲೆಯ ತೂಕ ಐದು ಕಿಲೋಗ್ರಾಂ ಆಸುಪಾಸು. ನೆಟ್ಟಗೆ ಕೂತಾಗ ಅದು ಮೂಳೆಗಳ ಮೇಲೆ ನಿಂತಿರುತ್ತದೆ. ಬಾಗಿದಾಗ ಆಧಾರದಿಂದ ಮುಂದಕ್ಕೆ ಚಾಚುತ್ತದೆ, ಸನ್ನೆಕೋಲಿನ ಉದ್ದ ಹೆಚ್ಚಿದಂತೆ ಹಿಂದಿನ ಸ್ನಾಯುಗಳು ಅಷ್ಟೂ ಎಳೆದು ಹಿಡಿಯಬೇಕು. 2014ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ 60 ಡಿಗ್ರಿ ಬಾಗಿದಾಗ ಕುತ್ತಿಗೆಯ ಮೇಲಿನ ಭಾರ ಸುಮಾರು 27 ಕಿಲೋಗ್ರಾಂಗೆ ಸಮ ಎಂದಿತು. ಅದು ಗಣಿತದ ಮಾದರಿ, ಯಾರ ಕುತ್ತಿಗೆಯೊಳಗೂ ಮಾಪಕ ಇಟ್ಟು ಅಳೆದದ್ದಲ್ಲ, ಆದ್ದರಿಂದ ಆ ಸಂಖ್ಯೆಯನ್ನು ನಾನು ಮಂತ್ರದಂತೆ ಜಪಿಸುವುದಿಲ್ಲ. ಆದರೆ ದಿಕ್ಕು ಸರಿಯಾಗಿದೆ. ಇದನ್ನೇ ವರ್ಷಗಟ್ಟಲೆ ಹಲಗೆಯ ಮೇಲೆ ಚಿತ್ರ ಬರೆದು ಮಕ್ಕಳಿಗೆ ಕಲಿಸಿದ್ದೇನೆ. ಆ ವಾರದ ಕೊನೆಗೆ ಭುಜಗಳ ನಡುವಿನ ನೋವು ಮತ್ತೆ ಎದ್ದಿತು, ತಲೆಯ ಹಿಂಭಾಗ ಹಿಡಿದುಕೊಂಡಿತು.

ಪರಿಹಾರ ಬಂದದ್ದು ಫಿಸಿಯೋಥೆರಪಿಸ್ಟ್ ಕಡೆಯಿಂದ. ನನ್ನ ವಿದ್ಯಾರ್ಥಿನಿಯಾಗಿದ್ದಿರಬಹುದಾದ ವಯಸ್ಸಿನ ಹುಡುಗಿ, ಆದರೆ ಮಾತಿನಲ್ಲಿ ರಿಯಾಯಿತಿ ಇಲ್ಲ. "ಸರ್, ನೀವು ಶಾಲೆಯಲ್ಲಿ ಏನೇನು ಮಾಡುತ್ತೀರಿ ಎಂಬುದು ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ನಿಮ್ಮ ಕುತ್ತಿಗೆಗೆ ಏನಾಗಿದೆ ಎಂಬುದು ಶಾಲೆಯವರಿಗೆ ಗೊತ್ತಿಲ್ಲ. ಎರಡೂ ಗೊತ್ತಿರುವವರು ನೀವೊಬ್ಬರೇ. ಬರೆದುಕೊಂಡು ಬನ್ನಿ" ಎಂದಳು. ಬರೆದೆ. ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನಿಲ್ಲುವುದು, ಪುಸ್ತಕದ ಚೀಲ ಬಲಹೆಗಲಿಗೆ ಹಾಕಿಕೊಳ್ಳುವುದು, ಹಲಗೆ, ಪತ್ರಿಕೆ, ಮೊಬೈಲನ್ನು ಕಿವಿ-ಭುಜಗಳ ನಡುವೆ ಸಿಕ್ಕಿಸಿಕೊಂಡು ಹಾಜರಿ ಪುಸ್ತಕ ತುಂಬುವುದು, ಪ್ರಯೋಗಾಲಯದ ಎತ್ತರದ ಅರೆಯಿಂದ ಉಪಕರಣ ಇಳಿಸುವುದು. ಒಂದೊಂದನ್ನೂ ಎಷ್ಟು ಹೊತ್ತು ಎಂಬುದರ ಸಮೇತ. ಅವಳು ಓದುತ್ತ ಓದುತ್ತ ಹುಬ್ಬು ಗಂಟಿಕ್ಕಿದಳು. ತರಗತಿಯಲ್ಲಿ ನಿಂತು ಓಡಾಡುತ್ತ ಪಾಠ ಹೇಳುವುದನ್ನು ಮಾತ್ರ ಹಾಗೆಯೇ ಬಿಟ್ಟು ಉಳಿದವುಗಳಿಗೆಲ್ಲ ಗುರುತು ಹಾಕಿದಳು. ಅಂದರೆ ಮುಖ್ಯೋಪಾಧ್ಯಾಯರು ಪ್ರೀತಿಯಿಂದ ಕಿತ್ತುಕೊಂಡಿದ್ದ ಕೆಲಸವೇ ನನಗೆ ಎಲ್ಲಕ್ಕಿಂತ ಸುರಕ್ಷಿತವಾಗಿತ್ತು.

ಆ ಪಟ್ಟಿಯನ್ನು ನೋಡಿ ಶಸ್ತ್ರವೈದ್ಯರು ಹೊಸ ಪತ್ರ ಬರೆದುಕೊಟ್ಟರು. ಎರಡು-ಮೂರು ಕಿಲೋಗಿಂತ ಹೆಚ್ಚು ಎತ್ತಬಾರದು. ಭುಜಕ್ಕಿಂತ ಮೇಲೆ ಕೈ ಎತ್ತಿ ಬರೆಯಬಾರದು. ತಲೆ ಬಾಗಿಸಿ ಮಾಡುವ ಕೆಲಸ ಒಂದೇ ಸಮನೆ ಇಪ್ಪತ್ತು ನಿಮಿಷ ಮೀರಬಾರದು, ನಡುವೆ ಎದ್ದು ನಡೆಯಬೇಕು. ಮೊದಲ ಕೆಲವು ವಾರ ಅರ್ಧ ದಿನ. ಪ್ರತಿಯೊಂದರ ಮುಂದೆಯೂ ಯಾವಾಗ ಮರುಪರಿಶೀಲನೆ ಎಂಬ ದಿನಾಂಕ. ಈ ದಿನಾಂಕವೇ ಬಹಳ ಕೆಲಸ ಮಾಡಿತು. ಕೊನೆ ಕಾಣದ ವಿನಾಯಿತಿಯನ್ನು ಯಾವ ಕಚೇರಿಯೂ ನೆಮ್ಮದಿಯಿಂದ ಕೊಡುವುದಿಲ್ಲ, ತಾರೀಖು ಇದ್ದರೆ ಒಪ್ಪುತ್ತಾರೆ. ಮುಖ್ಯೋಪಾಧ್ಯಾಯರು ಪತ್ರವನ್ನು ಎರಡು ಸಲ ಓದಿ, "ಇದನ್ನೇ ಮೊದಲು ಕೊಟ್ಟಿದ್ದರೆ!" ಎಂದರು. ಅವರ ಧ್ವನಿಯಲ್ಲಿ ಬೇಸರಕ್ಕಿಂತ ಹೆಚ್ಚಾಗಿ ನಿರಾಳವೇ ಇತ್ತು.

ಪತ್ರಿಕೆ ತಿದ್ದಲು ಇಳಿಜಾರಿನ ಹಲಗೆಯೊಂದನ್ನು ಮೇಜಿನ ಮೇಲೆ ಇಟ್ಟುಕೊಂಡೆ, ಕಾಗದ ಕಣ್ಣಿನತ್ತ ಬಂತು, ತಲೆ ಬಾಗುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಲ್ಯಾಪ್‌ಟಾಪನ್ನು ಪುಸ್ತಕಗಳ ಮೇಲೆ ಏರಿಸಿ ಬೇರೆ ಕೀಬೋರ್ಡ್ ಜೋಡಿಸಿದೆ. ಹಲಗೆಯ ಕೆಳಗಿನ ಅರ್ಧದಲ್ಲಿ ಬರೆದರೆ ಹಿಂದಿನ ಬೆಂಚಿನವರಿಗೆ ಕಾಣದು. ಅದಕ್ಕೆ ಮೇಲಿನ ಅರ್ಧವನ್ನು ಸರದಿಯ ಮೇಲೆ ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟೆ. ಅವರು ಎಳೆದ ಅಕ್ಷಗಳು ನನ್ನ ಹಳೆಯ ಜಾರುವ ಗೆರೆಗಳಿಗಿಂತ ನೆಟ್ಟಗಿದ್ದವು ಎನ್ನಲಾರೆ.

ಧ್ವನಿ ಇನ್ನೂ ಪೂರ್ತಿ ಬಂದಿರಲಿಲ್ಲ. ಬೆಳಗ್ಗೆ ಸರಿಯಿದ್ದು ಎರಡನೆಯ ಪಿರಿಯಡ್‌ನ ಹೊತ್ತಿಗೆ ಗೊಗ್ಗರಾಗುತ್ತಿತ್ತು. ಪಿಸುಗುಟ್ಟಿದರೆ ಧ್ವನಿತಂತುಗಳಿಗೆ ಇನ್ನೂ ಶ್ರಮ, ಮೆಲುದನಿಯಲ್ಲಿ ಸಹಜವಾಗಿ ಮಾತನಾಡಿ ಎಂದಿದ್ದರು. ಮೇಷ್ಟ್ರು ಮೆಲ್ಲಗೆ ಮಾತನಾಡಿದರೆ ತರಗತಿ ತಾನಾಗಿಯೇ ಮೌನವಾಗುತ್ತದೆ ಎಂದು ಶಿಕ್ಷಕರ ತರಬೇತಿಯಲ್ಲಿ ಹೇಳುತ್ತಾರೆ. ಆಗುವುದಿಲ್ಲ. ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕು, ಸೊಂಟಕ್ಕೆ ಕಟ್ಟುವ ಸ್ಪೀಕರ್ ತಂದ ಮೇಲೆಯೇ ಪಾಠ ಹಿಂದಿನ ಬೆಂಚು ತಲುಪಿದ್ದು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಸುಸ್ತು. ಮಧ್ಯಾಹ್ನದ ಹೊತ್ತಿಗೆ ತಲೆಯನ್ನು ಹೊತ್ತು ನಿಲ್ಲುವುದೇ ಒಂದು ಉದ್ಯೋಗವೆನಿಸುತ್ತಿತ್ತು. ನೋವಿಗಾದರೆ ಹೆಸರಿದೆ, ಸುಸ್ತನ್ನು ಸೋಮಾರಿತನವೆಂದು ಓದುವವರೇ ಹೆಚ್ಚು. ಕಾಲರ್ ಹಾಕಿಕೊಂಡಿದ್ದಾಗ ಬಾಗಿಲು ತೆಗೆದುಕೊಡುತ್ತಿದ್ದವರು, ಚೀಲ ಹಿಡಿಯುತ್ತಿದ್ದವರು, ಕಾಲರ್ ತೆಗೆದ ದಿನದಿಂದ ನನ್ನನ್ನು ಗುಣವಾದವರ ಸಾಲಿಗೆ ಸೇರಿಸಿದರು. ಗಾಯದ ಗೆರೆ ಅಂಗಿಯ ಕೊರಳಿನಲ್ಲಿ ಮುಚ್ಚಿಹೋಗುತ್ತದೆ. "ಇನ್ನೂ ಕೆಲವು ದಿನ ಸುಮ್ಮನೆ ಹಾಕಿಕೊಂಡು ಬನ್ನಿ ಮೇಷ್ಟ್ರೇ, ಯಾರೂ ಪ್ರಶ್ನಿಸುವುದಿಲ್ಲ" ಎಂದು ಗೆಳೆಯರೊಬ್ಬರು ಸಲಹೆ ಕೊಟ್ಟರು. ವ್ಯವಹಾರ ಬಲ್ಲವರ ಮಾತು. ಆದರೆ ಬೇಕಿಲ್ಲದ ಕಾಲರ್ ಕುತ್ತಿಗೆಯ ಸ್ನಾಯುಗಳನ್ನು ಮತ್ತಷ್ಟು ಸೊರಗಿಸುತ್ತದೆ, ಸುಸ್ತಿಗೆ ಕಾರಣವೇ ಆ ಸೊರಗು. ಕರುಣೆ ಸಂಪಾದಿಸಲು ಅದು ದುಬಾರಿ ದಾರಿ. ನನ್ನ ಪಾಠಗಳನ್ನು ಹೊತ್ತುಕೊಂಡಿದ್ದ ಸಹೋದ್ಯೋಗಿ ಬೇಸರಗೊಂಡದ್ದು ನನಗೆ ಗೊತ್ತಿತ್ತು. ಅವರಿಗೆ ಪತ್ರದ ಪ್ರತಿ ತೋರಿಸಿ, ದಿನಾಂಕಗಳನ್ನು ಹೇಳಿ, ಬದಲಿಗೆ ಅವರ ಪ್ರಶ್ನೆಪತ್ರಿಕೆಗಳನ್ನು ಸಿದ್ಧಪಡಿಸುವ ಕೆಲಸ ವಹಿಸಿಕೊಂಡ ಮೇಲೆ ಮಾತುಕತೆ ಮೊದಲಿನಂತಾಯಿತು.

ಕತ್ತಿನ ತಿರುಗುವಿಕೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ತಲೆ ಎಡಬಲಕ್ಕೆ ತಿರುಗುವುದರಲ್ಲಿ ಸುಮಾರು ಅರ್ಧ ಪಾಲು ಮೇಲಿನ ಎರಡು ಮಣಿಗಳ ನಡುವೆಯೇ ನಡೆಯುತ್ತದೆ. ನನಗೆ ಬೆಸೆದದ್ದು ಕೆಳಗಿನವು. ಆದ್ದರಿಂದ ಕಿಟಕಿಯ ಪಕ್ಕದಲ್ಲಿ ಕೂತು ಮಾತನಾಡುವವನನ್ನು ಈಗಲೂ ಹಿಡಿಯಬಲ್ಲೆ. ಮೇಲೆ ನೋಡುವುದು ಮಾತ್ರ ಕಡಿಮೆಯಾಗಿದೆ, ಛಾವಣಿಯ ಫ್ಯಾನ್ ನೋಡಲು ಸೊಂಟದಿಂದಲೇ ಹಿಂದಕ್ಕೆ ವಾಲಬೇಕು. ಬೆಸೆದ ಮಣಿಗಳ ಪಕ್ಕದ ಡಿಸ್ಕುಗಳಿಗೆ ಮುಂದೆ ತೊಂದರೆ ಬರಬಹುದು. 1999ರಲ್ಲಿ ಪ್ರಕಟವಾದ, ಈಗಲೂ ಉಲ್ಲೇಖಿಸಲಾಗುವ ಅಧ್ಯಯನವೊಂದರ ಪ್ರಕಾರ ವರ್ಷಕ್ಕೆ ನೂರರಲ್ಲಿ ಸುಮಾರು ಮೂವರಿಗೆ ಅಂಥ ಹೊಸ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಅದು ಬೆಸುಗೆಯ ದೋಷವೋ, ಹೇಗೂ ಸವೆಯಲಿದ್ದ ಕುತ್ತಿಗೆಯ ಸಹಜ ಗತಿಯೋ ಎಂಬ ವಾದ ವೈದ್ಯರ ನಡುವೆ ಇದೆ.

ತಲೆ ಬಗ್ಗಿಸಿ, ಎತ್ತಿ ತೆಗೆದ ಎಕ್ಸ್-ರೇಗಳಲ್ಲಿ ಬೆಸೆದ ಮಣಿಗಳು ಒಂದಕ್ಕೊಂದು ಅಲುಗದೆ ನಿಂತಿರುವುದು ಕಂಡ ಮೇಲೆ ನಿರ್ಬಂಧಗಳು ಒಂದೊಂದಾಗಿ ಸಡಿಲಗೊಂಡವು. ಸ್ಕೂಟರಿಗೆ ಕೊನೆಯಲ್ಲಿ ಅನುಮತಿ ಸಿಕ್ಕಿತು, ಏಕೆಂದರೆ ಹೆಲ್ಮೆಟ್ಟಿನ ತೂಕವೂ ಕುತ್ತಿಗೆಯದೇ ಹೊಣೆ, ರಸ್ತೆಯ ಉಬ್ಬುಗಳು ಮೇಲಿನ ಬಡ್ಡಿ. ಬಲತೋಳು ಈಗ ವೈದ್ಯರ ಕೈಯನ್ನು ಸರಿಯಾಗಿಯೇ ತಳ್ಳುತ್ತದೆ. ನಡುಬೆರಳಿನ ತುದಿಯಲ್ಲಿ ಸಣ್ಣ ಜೋಮು ಇದೆ, ಸೀಮೆಸುಣ್ಣ ಹಿಡಿಯಲು ಅಡ್ಡಿಯಿಲ್ಲ. ಈ ವರ್ಷದ ವೇಳಾಪಟ್ಟಿಯಲ್ಲಿ ಪೂರ್ತಿ ಪಾಠಗಳು ನನ್ನವೇ. ಮೌಲ್ಯಮಾಪನದ ಕಟ್ಟುಗಳನ್ನು ಮಾತ್ರ ಒಟ್ಟಿಗೆ ಕೊಡದೆ ವಾರಗಳಿಗೆ ಹಂಚಿ ಕೊಡಬೇಕೆಂದು ಮುಖ್ಯೋಪಾಧ್ಯಾಯರಿಗೆ ಬರೆದುಕೊಟ್ಟಿದ್ದೇನೆ. ಅದನ್ನು ನೋಡಿ, ಕುತ್ತಿಗೆಗೆ ಏನೂ ಆಗದ ಇಬ್ಬರು ಸಹೋದ್ಯೋಗಿಗಳೂ ಅದೇ ಅರ್ಜಿ ಕೊಟ್ಟಿದ್ದಾರೆ.